ವಾಲ್ರಸ್ ಎಣಿಸುವವರು

2009ರ ಸೆಪ್ಟೆಂಬರಿನಲ್ಲಿ ಅಲಾಸ್ಕಾದ ವಾಯವ್ಯ ಕರಾವಳಿಯ ಐಸಿ ಕೇಪ್ ಬಳಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಯುಎಸ್‌ಜಿಎಸ್‌ನ ಸಂಶೋಧಕರು ಕಡಲ ದಂಡೆಯಲ್ಲಿ ಬಿದ್ದಿದ್ದ ಕಳೇಬರಗಳನ್ನು ಎಣಿಸಿದರು. ಒಟ್ಟು 131 ವಾಲ್ರಸ್‌ಗಳು, ಅಂದರೆ ಸೀಲ್ ಬಳಗಕ್ಕೆ ಸೇರಿದ ಕೋರೆದಂತದ ಕಡಲ ಪ್ರಾಣಿಗಳು. ಎಲ್ಲವೂ ಎಳೆಯವು, ಆ ವರ್ಷ ಹುಟ್ಟಿದವು, ಇಲ್ಲವೇ ವರ್ಷ ತುಂಬಿದವು. ಪರೀಕ್ಷಿಸಿದ ದೇಹಗಳಲ್ಲಿ ತುಳಿತಕ್ಕೆ ಸಿಕ್ಕಿ ಸತ್ತ ಲಕ್ಷಣಗಳಿದ್ದವು. ಅವುಗಳನ್ನು ತುಳಿದದ್ದು ಅವುಗಳದೇ ಹಿಂಡು. ಸಾವಿರಾರು ಪ್ರಾಣಿಗಳು ಮೈಗೆ ಮೈ ತಾಗಿಸಿ ಮಲಗಿದ್ದ ದಂಡೆಯಲ್ಲಿ ಏನೋ ಗಾಬರಿ ಎದ್ದು, ಎಲ್ಲವೂ ಒಮ್ಮೆಲೇ ನೀರಿನತ್ತ ನುಗ್ಗಿದ್ದವು. ಹುಟ್ಟುವಾಗ ಅರವತ್ತು ಕಿಲೋ ಆಸುಪಾಸು ತೂಗುವ ಮರಿ, ಒಂದು ಟನ್ ತೂಕದ ಹೆಣ್ಣುಗಳ ನಡುವೆ ಸಿಕ್ಕಿಕೊಂಡರೆ ಉಳಿಯುವುದು ಕಷ್ಟ.

ವಾಲ್ರಸ್ ಹಿಂಡಿಗೆ ಗಾಬರಿ ಹುಟ್ಟಿಸಲು ದೊಡ್ಡ ಕಾರಣವೇನೂ ಬೇಕಿಲ್ಲ. ಹಿಮಕರಡಿಯ ವಾಸನೆ ಸಾಕು, ಕೆಳಮಟ್ಟದಲ್ಲಿ ಹಾರಿದ ವಿಮಾನ ಸಾಕು, ದೋಣಿಯ ಸದ್ದು ಸಾಕು, ದಿಬ್ಬದ ಮೇಲೆ ಎದ್ದು ನಿಂತ ಒಬ್ಬ ಮನುಷ್ಯ ಸಾಕು. ಆ ಮನುಷ್ಯ ಅವುಗಳ ಒಳಿತು ಬಯಸಿ ಬಂದ ವಿಜ್ಞಾನಿಯೇ ಆಗಿದ್ದರೂ ಪರಿಣಾಮ ಅದೇ. ಹಾಗಾಗಿ ವಾಲ್ರಸ್ ಸಂಶೋಧನೆಯ ಕತೆ ಬಹುಮಟ್ಟಿಗೆ ದೂರದಲ್ಲೇ ನಿಂತು ತಿಳಿಯುವ ದಾರಿಗಳನ್ನು ಹುಡುಕಿದವರ ಕತೆ.

ಇಷ್ಟು ವಾಲ್ರಸ್‌ಗಳು ದಂಡೆಗೆ ಬಂದದ್ದಾದರೂ ಏಕೆ? ಅಲಾಸ್ಕಾದ ಈ ಭಾಗದಲ್ಲಿ ಅಂಥ ದೊಡ್ಡ ಹಿಂಡುಗಳನ್ನು 2007ಕ್ಕೆ ಮೊದಲು ಯಾರೂ ಕಂಡಿರಲಿಲ್ಲ. ಪೆಸಿಫಿಕ್ ವಾಲ್ರಸ್‌ಗಳು ಚಳಿಗಾಲವನ್ನು ಬೇರಿಂಗ್ ಸಮುದ್ರದ ಹಿಮಗಡ್ಡೆಗಳ ಮೇಲೆ ಕಳೆಯುತ್ತವೆ. ವಸಂತದಲ್ಲಿ ಹಿಮದ ಅಂಚು ಉತ್ತರಕ್ಕೆ ಸರಿಯುತ್ತಾ ಹೋದಂತೆ ಹೆಣ್ಣುಗಳೂ ಮರಿಗಳೂ ಅದರ ಜೊತೆಗೇ ಬೇರಿಂಗ್ ಜಲಸಂಧಿ ದಾಟಿ ಚುಕ್ಚಿ ಸಮುದ್ರ ಸೇರುತ್ತವೆ. ಗಂಡುಗಳಲ್ಲಿ ಅನೇಕವು ದಕ್ಷಿಣದಲ್ಲೇ ಉಳಿದು, ಬ್ರಿಸ್ಟಲ್ ಕೊಲ್ಲಿಯ ರೌಂಡ್ ಐಲೆಂಡ್‌ನಂಥ ಬಂಡೆಗಳ ಮೇಲೆ ಬೇಸಿಗೆ ಕಳೆಯುತ್ತವೆ. ತಾಯಿಗೆ ಮಾತ್ರ ಹಿಮ ಬೇಕೇ ಬೇಕು. ಅವಳು ಹೆರುವುದು ಅದರ ಮೇಲೆ. ತಳದಲ್ಲಿ ಮೇಯಲು ಇಳಿದಾಗ ಮರಿ ಕಾಯುವ ತಾಣವೂ ಅದೇ, ಎರಡು ಮುಳುಗುಗಳ ನಡುವೆ ದಣಿವಾರಿಸಿಕೊಳ್ಳುವ ಜಾಗವೂ ಅದೇ. ಹಿಮ ಗಾಳಿಗೆ, ಪ್ರವಾಹಕ್ಕೆ ಸಿಕ್ಕು ನಿಧಾನವಾಗಿ ತೇಲುತ್ತದೆ. ಮೇಲಿದ್ದ ವಾಲ್ರಸ್‌ಗೆ ಈಜುವ ಶ್ರಮವಿಲ್ಲದೆ ದಿನಕ್ಕೊಂದು ಹೊಸ ಮೇವಿನ ನೆಲ ಸಿಗುತ್ತದೆ.

ಚುಕ್ಚಿ ಸಮುದ್ರದ ಬಹುಭಾಗ ಐವತ್ತು ಮೀಟರ್ ಆಸುಪಾಸಿನ ಆಳದ್ದು. ವಾಲ್ರಸ್ ಸಲೀಸಾಗಿ ತಳ ಮುಟ್ಟಬಹುದು. ಅದರಾಚೆಗೆ ಆರ್ಕ್ಟಿಕ್ ಸಾಗರದ ಆಳ ಸಾವಿರಾರು ಮೀಟರಿಗೆ ಇಳಿಯುತ್ತದೆ. 2007ರಲ್ಲಿ ಬೇಸಿಗೆಯ ಕೊನೆಗೆ ಹಿಮದ ಅಂಚು ಆಳದ ಸಾಗರದ ಮೇಲಕ್ಕೆ ಹಿಂದೆ ಸರಿದುಬಿಟ್ಟಿತು. 2012ರಲ್ಲಿ ಉಪಗ್ರಹ ದಾಖಲೆಗಳಲ್ಲೇ ಕನಿಷ್ಠ ಮಟ್ಟಕ್ಕೆ ಇಳಿಯಿತು. ಹಿಮವನ್ನೇ ಹಿಂಬಾಲಿಸಿದರೆ ಕೆಳಗೆ ಊಟವಿಲ್ಲ, ಊಟದ ಜಾಗದಲ್ಲೇ ಉಳಿದರೆ ಮಲಗಲು ಹಿಮವಿಲ್ಲ. ಹೆಣ್ಣುಗಳು ಊಟದ ಪಕ್ಕದಲ್ಲೇ ಉಳಿದು, ವಿಶ್ರಾಂತಿಗೆ ದಡ ಹತ್ತಿದವು. 2014ರ ಸೆಪ್ಟೆಂಬರಿನಲ್ಲಿ ಪಾಯಿಂಟ್ ಲೇ ಎಂಬ ಪುಟ್ಟ ಇನೂಪಿಯಾಟ್ ಮೂಲನಿವಾಸಿ ಹಳ್ಳಿಯ ಸಮೀಪ ಸುಮಾರು 35,000 ವಾಲ್ರಸ್‌ಗಳು ಒಂದೇ ದಂಡೆಯಲ್ಲಿ ಒತ್ತೊತ್ತಾಗಿ ಮಲಗಿದ್ದ ವಿಮಾನಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ನೋಡಿದವರಿಗೆ ಅದು ಸಮೃದ್ಧಿಯ ಚಿತ್ರದಂತೆ ಕಂಡಿರಬಹುದು. ಬಲ್ಲವರಿಗೆ ಕಂಡದ್ದು ಸಾವಿರಾರು ಮರಿಗಳ ಅಪಾಯ.

ಇನ್ನು ಆ ಊಟದ ವಿಷಯ. ವಾಲ್ರಸ್‌ನ ಕೋರೆದಂತ ನೋಡಿ, ಅದರಿಂದಲೇ ತಳ ಬಗೆದು ತಿನ್ನುತ್ತದೆ ಎಂದು ಜನ ಬಹುಕಾಲ ನಂಬಿದ್ದರು. ಅಲಾಸ್ಕಾದಲ್ಲಿ ದಶಕಗಳ ಕಾಲ ಈ ಪ್ರಾಣಿಯ ಹಿಂದೆ ಬಿದ್ದಿದ್ದ ಫ್ರಾನ್ಸಿಸ್ ಫೇ 1982ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥ ಇಂದಿಗೂ ಈ ಕ್ಷೇತ್ರದ ಅಡಿಪಾಯ. ಆ ನಂಬಿಕೆಯನ್ನು ತೆಗೆದುಹಾಕಿದವರಲ್ಲಿ ಅವರು ಮುಖ್ಯರು. ದಂತ ಇರುವುದು ಹಿಮಗಡ್ಡೆಗೆ ಊರಿ ಮೇಲೇರಲು, ಎದುರಾಳಿಗೆ ತೋರಿಸಿ ಬೆದರಿಸಲು, ಕೆಲವೊಮ್ಮೆ ತಿವಿಯಲು. ಮೇವು ಹುಡುಕುವುದು ಮೂತಿಯ ಮೇಲಿನ ನಾಲ್ಕೈದು ನೂರು ದಪ್ಪ ಮೀಸೆಗಳ ಕೆಲಸ. ನೆದರ್ಲೆಂಡ್ಸ್‌ನ ರೊನಾಲ್ಡ್ ಕಾಸ್ಟೆಲೈನ್ ಸಾಕಿದ ವಾಲ್ರಸ್ ಒಂದಕ್ಕೆ ಸಣ್ಣ ತ್ರಿಕೋನ ಮತ್ತು ವೃತ್ತದ ಬಿಲ್ಲೆಗಳನ್ನು ಕೊಟ್ಟು ಪರೀಕ್ಷಿಸಿದಾಗ, ಬರೀ ಮೀಸೆ ತಾಗಿಸಿಯೇ ಅದು ಎರಡರ ಭೇದ ಗುರುತಿಸಿತು. ಬೆಳಕು ಸೋರದ ಕೆಸರಿನ ತಳದಲ್ಲಿ ಕಣ್ಣಿಗಿಂತ ಈ ಮೀಸೆಯೇ ದೊಡ್ಡದು.

ಚಿಪ್ಪು ಸಿಕ್ಕಿದ ಮೇಲೆ ಅದನ್ನು ಒಡೆಯುವ ಗೋಜಿಲ್ಲ. ತುಟಿಗಳಲ್ಲಿ ಬಿಗಿಯಾಗಿ ಹಿಡಿದು, ದಪ್ಪ ನಾಲಗೆಯನ್ನು ಪಟಕ್ಕನೆ ಹಿಂದೆಳೆದು, ಒಳಗಿನ ಮೃದು ಮಾಂಸವನ್ನು ಹೀರಿ ಚಿಪ್ಪನ್ನು ಅಲ್ಲೇ ಬಿಡುತ್ತದೆ. ಈಶಾನ್ಯ ಗ್ರೀನ್‌ಲ್ಯಾಂಡಿನ ಯಂಗ್ ಸೌಂಡ್ ಎಂಬ ಕಿರುಕೊಲ್ಲಿಯಲ್ಲಿ ಡೆನ್ಮಾರ್ಕಿನ ಸಂಶೋಧಕರು ಮುಳುಗುಗಾರರನ್ನು ಇಳಿಸಿ, ಮೇಯುತ್ತಿದ್ದ ವಾಲ್ರಸ್‌ಗಳ ಹಿಂದೆ ಉಳಿದ ಖಾಲಿ ಚಿಪ್ಪುಗಳನ್ನು ಆಯ್ದು ಎಣಿಸಿದರು. ಒಂದು ಮುಳುಗಿಗೆ ಸರಾಸರಿ 53 ಚಿಪ್ಪುಜೀವಿಗಳು. ಅಲ್ಲೇ ಚಿತ್ರೀಕರಿಸಿದ ವಿಡಿಯೊಗಳಿಂದ 2003ರಲ್ಲಿ ಇನ್ನೊಂದು ಸೊಗಸಾದ ಸಂಗತಿ ಹೊರಬಿತ್ತು: ಕೆಸರು ಸರಿಸಲು ವಾಲ್ರಸ್ ಹೆಚ್ಚಾಗಿ ಬಲ ಈಜುರೆಕ್ಕೆಯನ್ನೇ ಬಳಸುತ್ತದೆ. ಬಲಗೈ ರೂಢಿಯವರು ಎಂದು ನಮ್ಮನ್ನು ನಾವು ಕರೆದುಕೊಳ್ಳುವ ಅರ್ಥದಲ್ಲೇ ಅವೂ ಬಲಗೈಯವು.

ಹೀಗೆ ದಿನಕ್ಕೆ ಸಾವಿರಾರು ಚಿಪ್ಪು ಹುಡುಕುವ ಲಕ್ಷಾಂತರ ಮೂತಿಗಳು ತಳದ ಕೆಸರನ್ನು ನೇಗಿಲು ಹೊಡೆದ ಹೊಲದಂತೆ ಸಾಲುಸಾಲಾಗಿ ಬಗೆದು ಹಾಕುತ್ತವೆ. ಬೇರಿಂಗ್ ಸಮುದ್ರದ ತಳದಲ್ಲಿ ಸೋನಾರ್ ಉಪಕರಣಗಳು ಈ ಗೆರೆಗಳನ್ನು ದಾಖಲಿಸಿವೆ. ಕೆಸರಿನಲ್ಲಿ ಹೂತ ಪೋಷಕಾಂಶಗಳು ಇದರಿಂದ ಮತ್ತೆ ನೀರಿಗೆ ಬೆರೆಯುತ್ತವೆ. ವಾಲ್ರಸ್‌ಗಳು ತೀರಕ್ಕೆ ಹತ್ತಿರದ ಕೆಲವೇ ಜಾಗಗಳಿಗೆ ಸೀಮಿತವಾದರೆ ಅಲ್ಲಿನ ಚಿಪ್ಪುಗಳು ಬೇಗ ಬರಿದಾಗಬಹುದು, ದೂರದ ತಳಕ್ಕೆ ಈ ಕಲಕಾಟ ಸಿಗದೆ ಹೋಗಬಹುದು. ಒಂದು ಪ್ರಾಣಿಯ ಮಲಗುವ ಜಾಗ ಬದಲಾದದ್ದು ಇಡೀ ಕಡಲತಳದ ಪ್ರಶ್ನೆಯಾಗುವುದು ಹೀಗೆ.

ಮಲಗುವ ಜಾಗ ಅಷ್ಟೊಂದು ಮುಖ್ಯವೇ ಎಂದು ಕೇಳುವವರಿಗೆ ರಷ್ಯಾದ ಒಲೆಗ್ ಲ್ಯಾಮಿನ್ ಮತ್ತು ಸಂಗಡಿಗರ ನಿದ್ರಾ ಅಧ್ಯಯನದಲ್ಲಿ ಉತ್ತರವಿದೆ. ಸಾಕಿದ ವಾಲ್ರಸ್‌ಗಳನ್ನು ಹಗಲಿರುಳು ಗಮನಿಸಿದ ಅವರಿಗೆ, ಇವು 84 ಗಂಟೆಗಳವರೆಗೆ ನಿದ್ದೆಯಿಲ್ಲದೆ ಚಟುವಟಿಕೆಯಿಂದ ಇರಬಲ್ಲವು ಎಂದು ತಿಳಿಯಿತು. ಅಂಥ ಜಾಗರಣೆ ಆದಮೇಲೆ ನೆಲ ಸಿಕ್ಕಿದರೆ ದೀರ್ಘ, ಗಾಢ ನಿದ್ದೆ. ನೀರಲ್ಲೂ ಅವು ತೂಕಡಿಸುತ್ತವೆ. ಗಂಟಲ ಪಕ್ಕದ ಗಾಳಿಚೀಲ ಉಬ್ಬಿಸಿ ತಲೆ ಮೇಲೆ ಮಾಡಿ ತೇಲುತ್ತವೆ. ಆದರೆ ಉಸಿರಿಗಾಗಿ ಮತ್ತೆ ಮತ್ತೆ ಏಳಲೇಬೇಕಾದ ಆ ನಿದ್ದೆ ಗಟ್ಟಿಯಾದುದಲ್ಲ. ಹಾಲುಣಿಸುವ ತಾಯಿಗೆ ಹಿಮದಷ್ಟು ಹಿತವಾದ ಹಾಸಿಗೆ ಇನ್ನೊಂದಿಲ್ಲ.

ಹಿಮ ಕಳೆದುಕೊಂಡ ತಾಯಿ ಎಷ್ಟು ದೂರ ಈಜುತ್ತಾಳೆ, ಎಲ್ಲಿ ಮೇಯುತ್ತಾಳೆ ಎಂಬುದನ್ನು ತಿಳಿಯಲು ಯುಎಸ್‌ಜಿಎಸ್‌ನ ಚಾಡ್ ಜೇ, ಆಂಥನಿ ಫಿಷ್‌ಬಾಕ್ ಹಾಗೂ ಅವರ ತಂಡ ಹಿಡಿದ ಆಯುಧ ಅಡ್ಡಬಿಲ್ಲು. ಕರಡಿಗೋ ಜಿಂಕೆಗೋ ಮಾಡುವಂತೆ ಅರಿವಳಿಕೆ ಕೊಟ್ಟು ವಾಲ್ರಸ್‌ಗೆ ಯಂತ್ರ ಕಟ್ಟುವುದು ಅಪಾಯಕರ. ಮಂಪರಿನಲ್ಲಿ ನೀರಿಗೆ ಜಾರಿದರೆ ಮುಳುಗಿ ಸಾಯುತ್ತದೆ. ಅದಕ್ಕಾಗಿ ಸಣ್ಣ ರೇಡಿಯೊ ಟ್ಯಾಗನ್ನು ಬಾಣದ ತುದಿಗೆ ಸಿಕ್ಕಿಸಿ, ಹಿಮದ ಮೇಲೆ ಮಲಗಿದ ಪ್ರಾಣಿಯ ಬೆನ್ನಿಗೆ ದೂರದಿಂದ ಹೊಡೆಯುತ್ತಾರೆ. ಎರಡರಿಂದ ನಾಲ್ಕು ಸೆಂಟಿಮೀಟರ್ ದಪ್ಪದ ಚರ್ಮ, ಅದರಡಿ ದಪ್ಪ ಕೊಬ್ಬು ಇರುವುದರಿಂದ ಸಣ್ಣ ಮುಳ್ಳಿನ ಆಧಾರ ಅದಕ್ಕೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಕೆಲವು ವಾರಗಳಲ್ಲಿ ಟ್ಯಾಗ್ ಕಳಚಿ ಬೀಳುತ್ತದೆ. ಅಷ್ಟರೊಳಗೆ ಅದು ಪ್ರಾಣಿ ಎಲ್ಲಿದೆ, ನೀರಲ್ಲಿದೆಯೋ ಮೇಲಿದೆಯೋ, ಮೇಯುತ್ತಿದೆಯೋ ಇಲ್ಲವೋ ಎಂಬುದನ್ನೆಲ್ಲ ಉಪಗ್ರಹದ ಮೂಲಕ ಹೇಳಿಕೊಂಡೇ ಇರುತ್ತದೆ.

2008ರಿಂದ 2011ರವರೆಗಿನ ಟ್ಯಾಗ್‌ಗಳಿಂದ ಒಂದು ನಕ್ಷೆ ಮೂಡಿತು. ಅದರಲ್ಲಿ ಎದ್ದು ಕಂಡ ಹೆಸರು ಹ್ಯಾನಾ ಶೋಲ್. ಪಾಯಿಂಟ್ ಲೇಯಿಂದ ಇನ್ನೂರು ಕಿಲೋಮೀಟರಿಗೂ ದೂರದ ಈ ಎತ್ತರಿಸಿದ ಕಡಲತಳ ಚಿಪ್ಪು, ಹುಳುಗಳ ಕಣಜ. ಸುತ್ತಲಿನ ಹಿಮ ಕರಗಿದ ಮೇಲೂ ಇಲ್ಲಿ ಕೆಲಕಾಲ ಹಿಮ ಉಳಿಯುವುದುಂಟು. ಅದೂ ಕರಗಿದಾಗ ವಾಲ್ರಸ್‌ಗಳು ದಡಕ್ಕೆ ಬಂದವು. ಬಂದರೂ ಕೆಲವು ಮತ್ತೆ ಅಷ್ಟು ದೂರ ಈಜಿ ಹೋಗಿ ಮೇಯ್ದು ಬಂದವು. ಈಜಿಗೆ ಖರ್ಚಾಗುವ ಶಕ್ತಿ ಎಲ್ಲಿಂದಲೋ ಬರಬೇಕು. ಶಾನ್ ನೊರೆನ್ ಅವರಂಥ ಶರೀರವಿಜ್ಞಾನಿಗಳು ಇದರ ಲೆಕ್ಕ ಹಾಕಿದ್ದಾರೆ: ಹೆಚ್ಚು ಹೊತ್ತು ನೀರಲ್ಲಿರುವ ತಾಯಿ ಹೆಚ್ಚು ತಿನ್ನಬೇಕು, ಇಲ್ಲವೇ ತನ್ನ ಕೊಬ್ಬು ಕರಗಿಸಬೇಕು. ಈ ಪ್ರಾಣಿಗೆ ನಷ್ಟವನ್ನು ಬೇಗ ತುಂಬಿಕೊಳ್ಳುವ ಶಕ್ತಿಯಿಲ್ಲ. ಬಸಿರು ಹದಿನೈದು ತಿಂಗಳು, ಒಂದು ಸಲಕ್ಕೆ ಒಂದೇ ಮರಿ, ಅದು ಎರಡು ವರ್ಷ ಇಲ್ಲವೇ ಹೆಚ್ಚು ಕಾಲ ತಾಯಿಯ ಜೊತೆ. ಸೀಲ್ ಬಳಗದಲ್ಲೆಲ್ಲ ಇಷ್ಟು ನಿಧಾನವಾಗಿ ಹೆರುವ ಪ್ರಾಣಿ ಬೇರಿಲ್ಲ.

ಹಾಗಾದರೆ ವಾಲ್ರಸ್‌ಗಳು ಕಡಿಮೆಯಾಗುತ್ತಿವೆಯೇ? ಇಲ್ಲಿ ಎಚ್ಚರ ಬೇಕು. 2006ರಲ್ಲಿ ಅಮೆರಿಕ, ರಷ್ಯಾ ಎರಡೂ ದೇಶಗಳ ವಿಮಾನಗಳು ಶಾಖ ಗ್ರಹಿಸುವ ಕ್ಯಾಮೆರಾ ಹೊತ್ತು ಬೇರಿಂಗ್ ಸಮುದ್ರದ ಹಿಮದ ಮೇಲೆ ಹಾರಿದವು. ತಣ್ಣನೆಯ ಬಿಳುಪಿನ ಮೇಲೆ ಬೆಚ್ಚನೆಯ ಮೈಗಳು ಎದ್ದು ಕಂಡವು. ನೀರೊಳಗಿದ್ದವನ್ನು ಟ್ಯಾಗ್ ಮಾಹಿತಿಯಿಂದ ಲೆಕ್ಕಕ್ಕೆ ಸೇರಿಸಿದರು. ಹವಾಮಾನ ಕೈಕೊಟ್ಟದ್ದರಿಂದ ಕೆಲವು ಭಾಗಗಳಿಗೆ ಹೋಗಲಾಗಲೇ ಇಲ್ಲ. ಬಂದ ಅಂದಾಜು 1,29,000. ಆದರೆ ನಿಜವಾದ ಸಂಖ್ಯೆ 55,000ದಿಂದ 5,07,000ದ ನಡುವೆ ಎಲ್ಲಿಯಾದರೂ ಇರಬಹುದಿತ್ತು. ಇಷ್ಟು ಅಗಲವಾದ ಅಂದಾಜನ್ನು ಇಟ್ಟುಕೊಂಡು ಯಾರೂ ಏನನ್ನೂ ನಿರ್ಧರಿಸಲಾರರು.

ಮತ್ತೆ ಅಡ್ಡಬಿಲ್ಲೇ ನೆರವಿಗೆ ಬಂತು. 2013ರಿಂದ 2017ರವರೆಗೆ ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆಯವರು ಹಡಗಿನಿಂದ ಸಣ್ಣ ದೋಣಿ ಇಳಿಸಿ ಹಿಮಗಡ್ಡೆಗಳ ಬಳಿ ಮೆಲ್ಲಗೆ ಸಾಗಿ, ಟೊಳ್ಳು ಮೊನೆಯ ಬಾಣದಿಂದ ವಾಲ್ರಸ್‌ಗಳ ಚರ್ಮದ ಚೂರುಗಳನ್ನು ತೆಗೆದರು. ಚೂರಿನ ಡಿಎನ್‌ಎ ಆ ಪ್ರಾಣಿಯ ಗುರುತಿನ ಚೀಟಿ. ಒಂದು ವರ್ಷ ಸಿಕ್ಕ ಗುರುತು ಮುಂದಿನ ವರ್ಷಗಳ ಮಾದರಿಗಳಲ್ಲಿ ಎಷ್ಟು ಸಲ ಮರಳಿ ಸಿಗುತ್ತದೆ ಎಂಬುದರಿಂದ ಒಟ್ಟು ಸಂಖ್ಯೆಯನ್ನು ಗಣಿಸಬಹುದು. ಹಿಂಡು ಚಿಕ್ಕದಾಗಿದ್ದರೆ ಹಳೆಯ ಮುಖಗಳೇ ಮತ್ತೆ ಮತ್ತೆ ಎದುರಾಗುತ್ತವೆ, ದೊಡ್ಡದಾಗಿದ್ದರೆ ಹೊಸಬರೇ ಹೆಚ್ಚು. 2022ರಲ್ಲಿ ಪ್ರಕಟವಾದ ಫಲಿತಾಂಶ: ಸುಮಾರು 2,57,000, ಏರಿಳಿತದ ಮಿತಿ 1,71,000ದಿಂದ 3,66,000. ಹಳೆಯ ಸಂಖ್ಯೆಯ ಪಕ್ಕದಲ್ಲಿ ಇದನ್ನಿಟ್ಟು ವಾಲ್ರಸ್‌ಗಳು ಇಮ್ಮಡಿಯಾದವು ಎನ್ನುವುದು ತಪ್ಪು. ಅಳತೆ ಉತ್ತಮವಾಗಿದೆ, ಅಷ್ಟೆ. ಆದರೂ ನಾಳೆಯ ಏರಿಕೆ ಇಳಿಕೆಗಳನ್ನು ಹೋಲಿಸಿ ನೋಡಲು ಈಗ ಒಂದು ಗಟ್ಟಿ ನೆಲೆ ಸಿಕ್ಕಿದೆ. ಸೆಪ್ಟೆಂಬರಿನ ಒಂದು ಚಿತ್ರ ನೋಡಿ ವಾಲ್ರಸ್‌ಗಳು ಮುಗಿದೇಹೋದವು ಎನ್ನುವವರಿಗೂ, ಒಂದು ಸಂಖ್ಯೆ ನೋಡಿ ಏನೂ ಆಗಿಲ್ಲ ಎನ್ನುವವರಿಗೂ ಈ ಶ್ರಮದ ಬೆಲೆ ತಿಳಿಯಬೇಕು.

ಬೇರಿಂಗ್ ಜಲಸಂಧಿಯ ಆಚೆ ದಡ ರಷ್ಯಾದ ಚುಕೋಟ್ಕಾ. ಅಲ್ಲಿನ ಸೆರ್ಡ್ಸೆ-ಕಾಮೆನ್ ಭೂಶಿರದ ಹಿಂಡುಗಳ ಎದುರು ಪಾಯಿಂಟ್ ಲೇಯದೂ ಸಣ್ಣದೇ. ಅಲ್ಲಿ ಶರತ್ಕಾಲಗಳಲ್ಲಿ ಮುರುಕು ಗುಡಿಸಲೊಂದರಲ್ಲಿ ಒಂಟಿಯಾಗಿ ಬೀಡುಬಿಟ್ಟು ವಾಲ್ರಸ್‌ಗಳನ್ನು ಎಣಿಸುವ ಜೀವವಿಜ್ಞಾನಿ ಮಾಕ್ಸಿಮ್ ಚಾಕಿಲೆವ್ ಅವರ ಮೇಲೆ ‘ಹಾಲೌಟ್’ ಎಂಬ ಕಿರು ಸಾಕ್ಷ್ಯಚಿತ್ರ ಬಂದಿದೆ. ಒಂದು ಮುಂಜಾನೆ ಅವರು ಬಾಗಿಲು ತೆರೆದರೆ ಹೊಸ್ತಿಲಿನವರೆಗೂ ವಾಲ್ರಸ್‌ಗಳು. ಸುಮಾರು ಒಂದು ಲಕ್ಷ. ಅವು ಇರುವಷ್ಟು ದಿನ ಅವರು ಹೊರಗೆ ಕಾಲಿಡುವಂತಿಲ್ಲ, ಬೆಂಕಿ ಹಚ್ಚುವುದೂ ಜೋಪಾನವಾಗಿ. ಹಿಂಡು ಹೋದ ಮೇಲೆ ಉಳಿದ ನೂರಾರು ಶವಗಳ ನಡುವೆ ನಡೆದು ಟೇಪು ಹಿಡಿದು ಅಳತೆ ಬರೆದುಕೊಳ್ಳುತ್ತಾರೆ. 2023ರ ಆಸ್ಕರ್‌ನ ಕಿರು ಸಾಕ್ಷ್ಯಚಿತ್ರ ವಿಭಾಗದ ಅಂತಿಮ ಪಟ್ಟಿಯಲ್ಲಿ ಈ ಚಿತ್ರವೂ ಇತ್ತು. ಪ್ರಶಸ್ತಿ ಗೆದ್ದದ್ದು ನಮ್ಮ ಬಂಡೀಪುರದ ಮಗ್ಗುಲಿನ ಮುದುಮಲೈಯ ಬೊಮ್ಮನ್, ಬೆಳ್ಳಿ ದಂಪತಿಯ ‘ದಿ ಎಲಿಫೆಂಟ್ ವಿಸ್ಪರರ್ಸ್’. ಆನೆಮರಿಯ ಕತೆಗೆ ಮನಸೋತ ಕನ್ನಡದ ನೋಡುಗರು ಅದರ ಜೊತೆಗೆ ಸ್ಪರ್ಧೆಯಲ್ಲಿದ್ದ ಈ ಇಪ್ಪತ್ತೈದು ನಿಮಿಷಗಳನ್ನೂ ಹುಡುಕಿ ನೋಡಬೇಕು.

ಪಾಯಿಂಟ್ ಲೇಯ ಜನರದು ಬೇರೆ ರೀತಿಯ ಕಾವಲು. ವಾಲ್ರಸ್‌ಗಳು ಬಂದಾಗ ಅವರು ದೋಣಿ, ವಾಹನಗಳ ಓಡಾಟ ತಗ್ಗಿಸುತ್ತಾರೆ. ವಿಮಾನಗಳು ಎತ್ತರದಲ್ಲಿ, ದೂರದಲ್ಲಿ ಹಾರಬೇಕೆಂಬ ಸೂಚನೆ ಹೊರಡುತ್ತದೆ. ಪತ್ರಕರ್ತರೂ ಪ್ರವಾಸಿಗರೂ ದಯವಿಟ್ಟು ಬರಬೇಡಿ ಎಂದು ಊರಿನವರೇ ಕೇಳಿಕೊಳ್ಳುತ್ತಾರೆ. ವಿಜ್ಞಾನಿಗಳೂ ಈಗ ಉಪಗ್ರಹದ ರೇಡಾರ್ ಚಿತ್ರಗಳತ್ತ ತಿರುಗಿದ್ದಾರೆ. ಮೋಡವಿರಲಿ, ಇರುಳಿರಲಿ, ದಂಡೆಯ ಮೇಲಿನ ಹಿಂಡಿನ ವಿಸ್ತಾರ ಅದರಲ್ಲಿ ಕಾಣುತ್ತದೆ. ಅಟ್ಲಾಂಟಿಕ್ ವಾಲ್ರಸ್‌ಗಳಿಗಾಗಿ ಡಬ್ಲ್ಯುಡಬ್ಲ್ಯುಎಫ್ ಮತ್ತು ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆ 2021ರಲ್ಲಿ ಆರಂಭಿಸಿದ ಯೋಜನೆಯಲ್ಲಂತೂ ಸಾಮಾನ್ಯ ಜನರೇ ಮನೆಯಲ್ಲಿ ಕೂತು ಉಪಗ್ರಹ ಚಿತ್ರಗಳಲ್ಲಿ ವಾಲ್ರಸ್ ಹುಡುಕುತ್ತಾರೆ.

ಎಣಿಕೆಗಿಂತ ಕಷ್ಟದ್ದು ಆರೋಗ್ಯದ ಪ್ರಶ್ನೆ. ರಕ್ತ ಪರೀಕ್ಷೆ, ಗಂಟಲ ದ್ರವ, ಅಂಗಾಂಗ ಇವಕ್ಕೆಲ್ಲ ಪ್ರಾಣಿಯ ದೇಹ ಬೇಕು. ಆ ಮಾದರಿಗಳಲ್ಲಿ ಬಹುಪಾಲು ಬರುವುದು ಸೇಂಟ್ ಲಾರೆನ್ಸ್ ದ್ವೀಪದ ಗ್ಯಾಂಬೆಲ್, ಸವೂಂಗಾದಂಥ ಯೂಪಿಕ್ ಮೂಲನಿವಾಸಿ ಹಳ್ಳಿಗಳ ಬೇಟೆಗಾರರಿಂದ. ಊಟಕ್ಕಾಗಿ ಬೇಟೆಯಾಡಿದ ವಾಲ್ರಸ್‌ನ ಹಲ್ಲು, ಕೊಬ್ಬು, ಗರ್ಭಕೋಶ, ಹೊಟ್ಟೆಯಲ್ಲಿದ್ದದ್ದರ ಚೂರುಗಳನ್ನು ಅವರು ಸಂಶೋಧಕರಿಗೆ ಕೊಡುತ್ತಾ ಬಂದಿದ್ದಾರೆ. ಹಲ್ಲನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ವರ್ಷಕ್ಕೊಂದರಂತೆ ಕಟ್ಟಿದ ಪದರಗಳಿಂದ ವಯಸ್ಸು ತಿಳಿಯುತ್ತದೆ; ಗರ್ಭಕೋಶದಿಂದ ಎಷ್ಟು ಸಲ ಹೆತ್ತಿದೆ ಎಂಬುದು. ಬೇಟೆಗಾರರು 1978ರಲ್ಲಿ ಕಟ್ಟಿಕೊಂಡ ಎಸ್ಕಿಮೊ ವಾಲ್ರಸ್ ಆಯೋಗ ಈ ಸಹಕಾರದ ಬೆನ್ನೆಲುಬು. ಇವರನ್ನು ಬರೀ ಬೇಟೆಗಾರರೆಂದು ಕಾಣುವುದು ಅನ್ಯಾಯ. ಬೇಟೆ ಕೈತಪ್ಪಿದರೆ ಊರಿಗೆ ಊರೇ ಕಷ್ಟಕ್ಕೆ ಸಿಲುಕುತ್ತದೆ. ಹಿಮ, ಹವಾಮಾನ ಕೈಕೊಟ್ಟು 2013ರಲ್ಲಿ ಆ ದ್ವೀಪದ ಬೇಟೆ ಎಷ್ಟು ಕುಸಿಯಿತೆಂದರೆ ಅಲಾಸ್ಕಾ ಸರ್ಕಾರ ಅಲ್ಲಿ ಆರ್ಥಿಕ ವಿಪತ್ತು ಘೋಷಿಸಬೇಕಾಯಿತು.

ಕಾಯಿಲೆಯ ಸುದ್ದಿಗಳೂ ಬರುತ್ತಿವೆ. 2011ರಲ್ಲಿ ಅಲಾಸ್ಕಾದ ಉತ್ತರ ತೀರದ ಸೀಲ್‌ಗಳಲ್ಲಿ ಕೂದಲು ಉದುರಿ ಹುಣ್ಣುಗಳೆದ್ದವು. ಪಾಯಿಂಟ್ ಲೇಯ ವಾಲ್ರಸ್‌ಗಳ ಚರ್ಮದಲ್ಲೂ ಹುಣ್ಣುಗಳು ಕಂಡವು. ಹಲವು ಪ್ರಯೋಗಾಲಯಗಳು ಹುಡುಕಿದರೂ ಒಂದೇ ಕಾರಣ ಎಂದು ಬೊಟ್ಟು ಮಾಡಲಾಗಲಿಲ್ಲ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸ್ತೋಮದ ಹೋಪೆನ್ ದ್ವೀಪದಲ್ಲಿ 2023ರಲ್ಲಿ ಸತ್ತುಬಿದ್ದಿದ್ದ ವಾಲ್ರಸ್ ಒಂದರಲ್ಲಿ ಹಕ್ಕಿಜ್ವರ ಪತ್ತೆಯಾಯಿತು. ವಾಲ್ರಸ್‌ನಲ್ಲಿ ಆ ರೋಗ ದೃಢಪಟ್ಟದ್ದು ಅದೇ ಮೊದಲು ಎಂದು ನಾರ್ವೆಯ ಧ್ರುವ ಸಂಶೋಧನಾ ಸಂಸ್ಥೆ ಹೇಳಿತು. ಸ್ವಾಲ್ಬಾರ್ಡ್‌ನ ವಾಲ್ರಸ್‌ಗಳು ಮೂರೂವರೆ ಶತಮಾನಗಳ ಬೇಟೆಯಿಂದ ಅಳಿವಿನಂಚಿಗೆ ಹೋಗಿ, 1952ರಲ್ಲಿ ರಕ್ಷಣೆ ಸಿಕ್ಕಿದ ಮೇಲೆ ಚೇತರಿಸಿಕೊಂಡವು. 2018ರ ಎಣಿಕೆಯಲ್ಲಿ ಅಲ್ಲಿ ಸುಮಾರು 5,500 ಇದ್ದವು. ಒತ್ತೊತ್ತಾಗಿ ಮಲಗುವ ಹಿಂಡಿನಲ್ಲಿ ಇಂಥ ಸೋಂಕು ಹಬ್ಬಿದರೆ ಏನಾದೀತು ಎಂಬ ಆತಂಕ ಸಹಜ.

ಎಲ್ಲಕ್ಕಿಂತ ಹೆಚ್ಚಾಗಿ ಗಮನ ಸೆಳೆದಿರುವುದು ಪಾಚಿಯ ವಿಷ. ಕಡಲಿನ ಕೆಲವು ಸೂಕ್ಷ್ಮ ಪಾಚಿಗಳು ನರಗಳನ್ನು ಕೆಡಿಸುವ ಡೊಮೊಯಿಕ್ ಆಮ್ಲ, ಸ್ಯಾಕ್ಸಿಟಾಕ್ಸಿನ್ ಎಂಬ ವಿಷಗಳನ್ನು ತಯಾರಿಸುತ್ತವೆ. ಚಿಪ್ಪುಗಳು ನೀರು ಸೋಸಿ ತಿನ್ನುವಾಗ ಆ ವಿಷ ಅವುಗಳಲ್ಲಿ ಸಂಗ್ರಹವಾಗುತ್ತದೆ. ಸಂಶೋಧಕಿ ಕ್ಯಾತಿ ಲೆಫೆವ್ರ್ ಅವರ ತಂಡ 2016ರಲ್ಲಿ ಅಲಾಸ್ಕಾದ 13 ಜಾತಿಯ ಕಡಲ ಸಸ್ತನಿಗಳ ಮಾದರಿಗಳನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿತು. ಎರಡೂ ವಿಷಗಳ ಅತಿ ಹೆಚ್ಚಿನ ಪ್ರಮಾಣ ಸಿಕ್ಕಿದ್ದು ಪೆಸಿಫಿಕ್ ವಾಲ್ರಸ್‌ಗಳಲ್ಲಿ. ಚಿಪ್ಪನ್ನೇ ಮುಖ್ಯ ಊಟ ಮಾಡಿಕೊಂಡ ಪ್ರಾಣಿಯ ಪಾಲಿಗೆ ಇದು ಊಹಿಸಬಹುದಾದದ್ದೇ. ಕಡಲು ಬೆಚ್ಚಗಾದಷ್ಟೂ ಈ ಪಾಚಿಗಳಿಗೆ ಉತ್ತರದಲ್ಲಿ ಅನುಕೂಲ. ಅಮೆರಿಕದ ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯ ಡಾನ್ ಆಂಡರ್ಸನ್ ಮತ್ತು ಸಂಗಡಿಗರು ಚುಕ್ಚಿ ಸಮುದ್ರದ ತಳದ ಕೆಸರಿನಲ್ಲಿ ಅಲೆಕ್ಸಾಂಡ್ರಿಯಮ್ ಎಂಬ ಪಾಚಿಯ ಸುಪ್ತಕೋಶಗಳ ಅಪಾರ ರಾಶಿಯನ್ನು ಕಂಡುಹಿಡಿದಿದ್ದಾರೆ. ತಳದ ನೀರು ಸಾಕಷ್ಟು ಬೆಚ್ಚಗಾದರೆ ಅವು ಅಲ್ಲೇ ಮೊಳೆಯುತ್ತವೆ, ದಕ್ಷಿಣದಿಂದ ತೇಲಿ ಬರಬೇಕಿಲ್ಲ.

2022ರ ಬೇಸಿಗೆಯಲ್ಲಿ ಅದೇ ತಂಡ ಹಡಗಿನಲ್ಲಿ ಬೇರಿಂಗ್ ಜಲಸಂಧಿಯತ್ತ ಸಾಗುವಾಗ ಆ ಪಾಚಿಯ ಬೃಹತ್ ಹರವೊಂದು ಎದುರಾಯಿತು. ಸಂಶೋಧನಾ ಪ್ರಬಂಧಕ್ಕೆ ಕಾಯುವ ಹೊತ್ತು ಅದಾಗಿರಲಿಲ್ಲ. ಕರಾವಳಿಯ ಹಳ್ಳಿಗಳಲ್ಲಿ ಜನ ಚಿಪ್ಪು ತಿನ್ನುತ್ತಾರೆ, ವಾಲ್ರಸ್ ಬೇಟೆಯಾದಾಗ ಅದರ ಹೊಟ್ಟೆಯಲ್ಲಿ ಇನ್ನೂ ಜೀರ್ಣವಾಗದ ಚಿಪ್ಪುಮಾಂಸವನ್ನು ರುಚಿಯಾದ ತಿನಿಸೆಂದು ಹಂಚಿಕೊಳ್ಳುತ್ತಾರೆ. ಹಡಗಿನ ಮಾಪನಗಳ ಆಧಾರದ ಮೇಲೆ ಆ ಊರುಗಳಿಗೆಲ್ಲ ಕೂಡಲೇ ಎಚ್ಚರಿಕೆ ರವಾನೆಯಾಯಿತು. ಬೇಟೆಗಾರರು ಕಳಿಸಿಕೊಡುವ ಹೊಟ್ಟೆ, ಕರುಳಿನ ಮಾದರಿಗಳಲ್ಲಿ ವಿಷದ ಅಳತೆ ಈಗಲೂ ಮುಂದುವರಿದಿದೆ. ವಾಲ್ರಸ್‌ನ ಆರೋಗ್ಯಕ್ಕಾಗಿ ಶುರುವಾದ ಆ ಪರೀಕ್ಷೆಯ ಫಲಿತಾಂಶವನ್ನು ಆ ಮನೆಗಳ ಅಡುಗೆಯವರೂ ಕಾಯುತ್ತಾರೆ.